ದೇವರ ಪಾಲಿನ ಕೋಸಂಬರಿ

ನನ್ನ ಗಂಡ ಸುಳ್ಳು ಹೇಳುವವರಲ್ಲ. ವಿರಾಜಪೇಟೆಯ ಡಾಕ್ಟರು "ಸಿಹಿ ತಿಂತೀರಾ ಭಟ್ರೇ?" ಎಂದು ಕೇಳಿದಾಗ "ಇಲ್ಲ" ಎಂದರು, ಪಕ್ಕದಲ್ಲಿ ಕೂತ ನಾನೂ ಅದು ನಿಜವೆಂದು ತಲೆಯಾಡಿಸಿದೆ. ಮನೆಯಲ್ಲಿ ಸಕ್ಕರೆ ಡಬ್ಬಿಯನ್ನೇ ಎತ್ತಿಟ್ಟಿದ್ದವಳು ನಾನು. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಹಿಡಿ ಅನ್ನಕ್ಕೆ ತಟ್ಟೆ ತುಂಬ ಸೊಪ್ಪಿನ ಪಲ್ಯ. ಆದರೂ ಶುಗರ್ ಇಳಿಯಲಿಲ್ಲ, ಬಲಗಾಲಿನ ಕಿರುಬೆರಳಿನ ಗಾಯ ಮಾಯಲಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರು.

ವಾಪಸು ಬರುವಾಗ ಬಸ್ಸು ಮೂರ್ನಾಡು ದಾಟುವ ತನಕ ಇವರು ಕಾಲಿನ ಪಟ್ಟಿಯನ್ನೇ ನೋಡುತ್ತ ಕೂತಿದ್ದರು. ಅಂಗ ಊನವಾದವರು ಗರ್ಭಗುಡಿಗೆ ಹೋಗಿ ಪೂಜೆ ಮಾಡುವಂತಿಲ್ಲ ಎಂಬುದು ಇವರು ಪೂಜೆ ಮಾಡುವ ನಮ್ಮೂರ ದೇವಸ್ಥಾನದ ಹಳೆಯ ಪದ್ಧತಿ. ಆ ಪದ್ಧತಿಯ ಮೇಲೆ ನನಗೆ ಸಿಟ್ಟಿದೆ, ಅದು ಬೇರೆ ಮಾತು. ಬೆರಳು ಹೋದರೆ ಪೂಜೆಯೂ ಹೋದ ಹಾಗೆ. ಚಿಕ್ಕಂದಿನಿಂದ ಮುಟ್ಟಿ ಪೂಜಿಸಿದ ದೇವರನ್ನು ಹೊರಗೆ ನಿಂತು ನೋಡಬೇಕಾಗಿ ಬಂದರೆ ಇವರು ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು.

ಶುಗರ್ ಎಲ್ಲಿಂದ ಏರುತ್ತದೆಂದು ನೋಡಿಯೇ ಬಿಡೋಣವೆಂದು ಮರುದಿನ ಸಂಜೆ ದೇವಸ್ಥಾನದಲ್ಲೇ ಕೂತು ಕಾದೆ. ಮಂಗಳಾರತಿಯಾಯಿತು. ಬಂದವರಿಗೆಲ್ಲ ಬೆಲ್ಲದ ಪಂಚಕಜ್ಜಾಯ ಹಂಚಿ, ಉಳಿದದ್ದನ್ನು ಬಾಳೆಲೆಗೆ ಹಾಕಿಕೊಂಡು ಇವರು ನಿಶ್ಚಿಂತೆಯಿಂದ ಕೂತರು. ಪಕ್ಕದಲ್ಲಿ ಯಾರದೋ ಸೇವೆಯ ಪಾಯಸ ಬೇರೆ.

"ರೀ! ಸಿಹಿ ತಿನ್ನುವುದಿಲ್ಲ ಅಂದ್ರಲ್ಲ ಡಾಕ್ಟರ ಹತ್ರ?"

"ಇದು ಸಿಹಿಯಾ? ಪ್ರಸಾದ ಮಾರಾಯ್ತಿ!" ಅವರಿಗೆ ನಿಜವಾಗಿಯೂ ಆಶ್ಚರ್ಯ. "ಬೇಡ ಅನ್ಲಿಕ್ಕೆ ಆಗ್ತದಾ? ಚೆಲ್ಲಲಿಕ್ಕೆ ಆಗ್ತದಾ?"

ನನಗೆ ಮೈಯೆಲ್ಲ ಉರಿಯಿತು. ಆದರೆ ದೇವರ ಎದುರು ಪ್ರಸಾದವನ್ನು ಬೈಯುವುದು ಹೇಗೆ? ಹಲ್ಲು ಕಚ್ಚಿಕೊಂಡು ಮನೆಗೆ ನಡೆದೆ. ಅಂಗಳದ ಮೆಟ್ಟಿಲು ಹತ್ತುವಾಗ ಒಂದು ಉಪಾಯ ಹೊಳೆಯಿತು. ಪ್ರಸಾದ ಬಿಡಿಸಲು ಆಗದಿದ್ದರೆ ನೈವೇದ್ಯ ಬದಲಾಯಿಸಬಹುದಲ್ಲ! ದೇವರಿಗೆ ಅಡುಗೆ ಮಾಡುವವಳು ನಾನೇ ತಾನೇ?

ಅಲ್ಲಿಂದ ಶುರು. ಒಂದು ದಿನ ಹೆಸರುಬೇಳೆ ಕೋಸಂಬರಿ, ಒಂದು ದಿನ ಕಡಲೆ ಉಸಲಿ, ಒಂದು ದಿನ ಮೊಳಕೆ ಹುರುಳಿಗೆ ತೆಂಗಿನತುರಿ. ಸೇವೆ ಮಾಡಿಸುವವರಿಗೂ ಇದನ್ನೇ ಹೇಳಿದೆ. ವಾರ ಕಳೆಯುವಷ್ಟರಲ್ಲಿ ದೇವಸ್ಥಾನ ಸಮಿತಿಯ ಅಧ್ಯಕ್ಷರಾದ ಕಾಫಿ ಎಸ್ಟೇಟಿನ ಯಜಮಾನರು ಹುಬ್ಬು ಗಂಟಿಕ್ಕಿಕೊಂಡು ಬಂದರು.

"ಏನಮ್ಮ, ದೇವರಿಗೆ ಸಿಹಿ ಬಂದ್ ಮಾಡಿದ್ರಂತೆ?"

"ರಾಮನವಮಿಗೆ ಕೋಸಂಬರಿ ಒಪ್ಪುವ ದೇವರು ಬುಧವಾರ ಬೇಡ ಅಂತಾನಾ? ಹಬ್ಬಕ್ಕೆ ಪಾಯಸ ಮಾಡ್ತೇನೆ. ದಿನಾ ಬೇಕಿದ್ರೆ ಬೇರೆ ಭಟ್ರನ್ನು ಹುಡುಕಿ. ಇವರ ಕಾಲು ನೋಡಿದ್ದೀರಾ ನೀವು?"

ಅಧ್ಯಕ್ಷರು ಪಕ್ಕದಲ್ಲಿದ್ದ ಇವರ ಪಟ್ಟಿ ಕಟ್ಟಿದ ಬೆರಳನ್ನು ನೋಡಿದರು. ಆಮೇಲೆ ಕೋಸಂಬರಿಗೆ ಕೈ ಚಾಚಿದರು. "ಇಲ್ಲಿ ಸ್ವಲ್ಪ ಹಾಕಿ. ನನಗೂ ಶುಗರ್ ಉಂಟು."

ಮಾತ್ರೆ ತಪ್ಪಿಸಲಿಲ್ಲ, ದಿನವೂ ಗಾಯ ತೊಳೆದು ಪಟ್ಟಿ ಕಟ್ಟುವುದನ್ನೂ ಬಿಡಲಿಲ್ಲ. ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಮುಗಿಯುವ ಹೊತ್ತಿಗೆ ಗಾಯ ಪೂರ್ತಿ ಮುಚ್ಚಿತು. ಡಾಕ್ಟರು ಬೆರಳನ್ನು ಒತ್ತಿ ನೋಡಿ, ಇನ್ನು ಇದರ ಭಯವಿಲ್ಲ ಎಂದು ನಕ್ಕರು.

ಮರುದಿನ ಮುಂಜಾನೆ ಇವರು ಕಾಲು ತೊಳೆದು, ಪಟ್ಟಿಯಿಲ್ಲದ ಬಲಗಾಲನ್ನು ಗರ್ಭಗುಡಿಯ ಹೊಸ್ತಿಲಾಚೆ ಇಟ್ಟರು. ಒಣ ಕಲ್ಲಿನ ಮೇಲೆ ಒದ್ದೆ ಪಾದದ ಐದೂ ಬೆರಳಿನ ಗುರುತು ಮೂಡಿತು. ನನಗೆ ಅಳುವೂ ಬಂತು, ಗೆದ್ದೆನೆಂಬ ಸೊಕ್ಕೂ ಬಂತು. ಗಂಟೆಯ ಹಗ್ಗ ಹಿಡಿದು ಬಾರಿಸಿದೆ, ಬಾರಿಸುತ್ತಲೇ ಇದ್ದೆ.

"ಸಾಕು ಮಾರಾಯ್ತಿ, ದೇವರಿಗೆ ಕೇಳ್ತದೆ" ಎಂದರು ಒಳಗಿನಿಂದ.

"ಕೇಳಲಿ" ಎಂದೆ.