ಹಡಗಿನ ಬಲಮಗ್ಗುಲು

ಓಬುಲೇಶನ ಬಲಗೈ ಒಂಬತ್ತು ವರ್ಷದ ಹಿಂದೆ ಒಬ್ಬನ ಮೂರು ಬೆರಳು ಕಡಿದಿತ್ತು. ಈಗ ಅದೇ ಕೈ ಉಗುರಿನಷ್ಟಗಲದ ತಾಮ್ರದ ತಗಡಿಗೆ ಮೊಂಡು ಸೂಜಿಯಿಂದ ಚುಕ್ಕಿ ಹಾಕುತ್ತಿತ್ತು. ಒಂದು ತಗಡಿಗೆ ನಲವತ್ತು ಚುಕ್ಕಿ. ತಿರುಗಿಸಿ ಹಿಡಿದರೆ ಒಂದೊಂದು ಚುಕ್ಕಿಯೂ ಮೊಳೆಯ ತಲೆಯ ಹಾಗೆ ಉಬ್ಬಿ ಕಾಣುತ್ತಿತ್ತು.

ರಾಯದುರ್ಗದ ಕೋಟೆಬೆಟ್ಟದ ಬೆನ್ನಿಗೆ ಅವನದೊಂದು ಸಣ್ಣ ಶೆಡ್ಡು. ಅಲ್ಲಿ ಮೂರೂವರೆ ಅಡಿ ಉದ್ದದ ಹಡಗೊಂದು ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹಾಯಿ ಕಟ್ಟಿಕೊಂಡು ಗಾಳಿಗೆ ಓಡುತ್ತಿದ್ದ ಕಾಲದ ಯುದ್ಧದ ಹಡಗಿನ ಮಾದರಿ. ಬಳ್ಳಾರಿಯ ಹೋಟೆಲ್ಲೊಂದರ ಗಾಜಿನ ಪೆಟ್ಟಿಗೆಗೆ ಹೋಗಬೇಕಾದದ್ದು. ಒಂದೊಂದು ಮಗ್ಗುಲಿಗೂ ಇಪ್ಪತ್ತೆಂಟು ತೋಪಿನ ಕಿಂಡಿಗಳು. ಕಿಂಡಿಗಳ ಒಳಗೋಡೆಗೆಲ್ಲ ಅವನು ಕೆಂಪು ಬಳಿದಿದ್ದ. ಗುಂಡು ಬಡಿದು ಮರ ಸಿಡಿದು ಮನುಷ್ಯರು ಚೂರಾಗುವಾಗ ಗೋಡೆಗೆ ಹಾರಿದ ರಕ್ತ ಉಳಿದವರಿಗೆ ಕಾಣಬಾರದು, ಅದಕ್ಕೇ ಕೆಂಪು ಅಂತ ಅವನಿಗೆ ಹೇಳಿಕೊಟ್ಟವನು ಈ ಕೆಲಸ ಕಲಿಸಿದ ಶ್ರೀನಿವಾಸ್. ನಿಜವೋ ಸುಳ್ಳೋ, ಓಬುಲೇಶ ನಂಬಿದ್ದ. ರಕ್ತ ಕಾಣದಿರಲಿ ಎಂದು ಮನುಷ್ಯರು ಏನೇನು ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಅವನ ಊರು ಗುಮ್ಮಘಟ್ಟದ ಕಡೆಯದು. ಬೊಮ್ಮಣ್ಣ ಅದೇ ಊರಿನ ಕುರಿಗಾರ. ಆ ವರ್ಷ ಬೊಮ್ಮಣ್ಣ ತನ್ನ ಕುರಿಮಂದೆಯನ್ನು ಓಬುಲೇಶನ ಹೊಲದಲ್ಲಿ ಮೂರು ರಾತ್ರಿ ನಿಲ್ಲಿಸುತ್ತೇನೆಂದು ಮಾತು ಕೊಟ್ಟಿದ್ದ. ಮಂದೆ ನಿಂತ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಆದರೆ ನಿಲ್ಲಿಸಿದ್ದು ಪಕ್ಕದವನ ಹೊಲದಲ್ಲಿ. ಬೆಳಿಗ್ಗೆ ಓಬುಲೇಶ ಕೇಳಲು ಹೋದ. ಬೊಮ್ಮಣ್ಣ ಮಂದೆಯ ಬೇಲಿಗೂಟ ಹಿಡಿದು ನಿಂತು ನಕ್ಕ.

"ನಿನ್ನ ಹೊಲದಾಗ ಏನೈತಲೇ? ನನ್ನ ಕುರಿ ಹಿಕ್ಕಿ ಹಾಕಾಕೂ ನಾಚ್ತಾವು."

ಕುರಿ ಕಾಯುವ ಹೆಂಗಸರೂ ನಕ್ಕರು. ಸೊಪ್ಪು ಕಡಿಯುವ ಕೊಡಲಿ ಬೇಲಿಗೆ ಒರಗಿತ್ತು. ಬೊಮ್ಮಣ್ಣನದೇ ಕೊಡಲಿ. ಓಬುಲೇಶನ ಕೈ ಅದನ್ನು ಎತ್ತಿದ್ದು, ಗೂಟದ ಮೇಲಿದ್ದ ಬೊಮ್ಮಣ್ಣನ ಬಲಗೈಯ ಮೇಲೆ ಇಳಿಸಿದ್ದು, ಎರಡೂ ಒಂದೇ ಉಸಿರಿನಲ್ಲಿ. ಹೆಬ್ಬೆರಳ ಪಕ್ಕದ ಮೂರು ಬೆರಳು ಹಿಕ್ಕಿಯ ಮೇಲೆ ಬಿದ್ದವು. ಮಂದೆಯ ನಾಯಿ ಬಂದು ಒಂದನ್ನು ಮೂಸಿತು. ಬೊಮ್ಮಣ್ಣ ನಾಯಿಯನ್ನು ಕಾಲಿಂದ ಒದ್ದು ಓಡಿಸಿ, ಬೆರಳುಗಳ ಪಕ್ಕ ಕುಳಿತುಕೊಂಡ. ಎಳೆಯ ಮರಿಯೊಂದು ಅವನ ಮೊಣಕೈಯಿಂದ ತೊಟ್ಟಿಕ್ಕುವುದನ್ನು ನೆಕ್ಕತೊಡಗಿತು.

ಓಬುಲೇಶನಿಗೆ ಆರು ವರ್ಷ ಸಜೆಯಾಯಿತು. ಜೈಲಿನಲ್ಲಿ ಮೊದಲ ತಿಂಗಳೇ ಒಬ್ಬನ ಎರಡು ಹಲ್ಲು ಮುರಿದ. ಮೂರು ಜನ ಸೇರಿ ಅವನ ಪಕ್ಕೆಲುಬು ಮುರಿದರು. ವಾಸಿಯಾದ ಮೇಲೆ ಮರಗೆಲಸಕ್ಕೆ ಹಾಕಿದರು. ಅಲ್ಲಿದ್ದ ಶ್ರೀನಿವಾಸ್ ವಿಶಾಖಪಟ್ಟಣದಲ್ಲಿ ಹಡಗಿನ ಬಡಗಿಯಾಗಿದ್ದವನು, ಸ್ವಂತ ತಮ್ಮನನ್ನು ಕೊಂದು ಬಂದವನು. ಜೈಲಿನಲ್ಲಿ ಹಡಗಿನ ಮಾದರಿ ಕಟ್ಟುತ್ತಿದ್ದ. ಓಬುಲೇಶನ ಕೈಗೆ ಸೂಜಿ, ಕಿರುಬೆರಳಷ್ಟು ಸುತ್ತಿಗೆ ಕೊಟ್ಟ. ಮೊದಲ ಏಟಿಗೇ ತಗಡು ತೂತಾಯಿತು. ನೂರನೆಯದೂ ತೂತಾಯಿತು.

"ಮೆಲ್ಲಗಾ ಕೊಟ್ಟರಾ, ಮೆಲ್ಲಗಾ," ಎಂದ ಶ್ರೀನಿವಾಸ್ ತೆಲುಗಿನಲ್ಲಿ, ಮೆಲ್ಲಗೆ ಹೊಡಿ ಎಂದು. "ಹೊಡೆಯಬೇಡ ಅನ್ನಲ್ಲ. ಇಷ್ಟೇ ಹೊಡಿ ಅಂತೀನಿ."

ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸುವುದನ್ನೂ ಅವನೇ ಕಲಿಸಿದ. ಹಿಂಭಾಗದಿಂದ ಶುರುಮಾಡಿ ಮೂತಿಯ ಕಡೆ ಬರಬೇಕು. ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಕೂರಬೇಕು. ತಿರುಗುಮುರುಗಾದರೆ ಎದುರಿನ ನೀರು ಅಂಚಿನೊಳಗೆ ಉಗುರು ತೂರಿಸಿ ಒಂದೊಂದನ್ನೇ ಕಿತ್ತುಹಾಕುತ್ತದೆ. ಓಬುಲೇಶ ಸಮುದ್ರ ಕಂಡವನಲ್ಲ. ಕುರಿಯ ಮೈಯನ್ನು ತಲೆಯಿಂದ ಬಾಲಕ್ಕೆ ಸವರಿದ ಹಾಗೆ ಎಂದುಕೊಂಡ, ಅರ್ಥವಾಯಿತು. ಕುರಿ ಎಂದುಕೊಂಡ ಕೂಡಲೇ ಬೊಮ್ಮಣ್ಣ ನೆನಪಾದ.

ಬಿಡುಗಡೆಯಾಗಿ ಮೂರು ವರ್ಷವಾಗಿತ್ತು. ಹೆಂಡತಿ ಹೇಮಾ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸಕ್ಕೆ ಸೇರಿದ್ದಳು. ಅವನೂ ಪೇಟೆಯಲ್ಲೇ ಉಳಿದ. ಊರಿನಲ್ಲಿ ಅವನ ಮತ್ತು ಬೊಮ್ಮಣ್ಣನ ಮನೆಗಳ ನಡುವೆ ನೀರು ಬೆಂಕಿ ನಿಂತುಹೋಗಿತ್ತು. ಅಂದರೆ ಅವರ ಮನೆಯ ನೀರು ಇವರು ಕುಡಿಯುವಂತಿಲ್ಲ, ಇವರ ಒಲೆಯ ಕೆಂಡ ಅವರು ಒಯ್ಯುವಂತಿಲ್ಲ.

ಇದನ್ನು ಮುಗಿಸಬೇಕೆಂಬುದೊಂದೇ ಅವನ ಆಸೆಯಾಗಿತ್ತು. ಬಡಗಿಗೆ ಹೊಳೆಯುವುದು ಬಡಗಿಯ ದಾರಿಯೇ. ಹಡಗಿನ ಹಲಗೆಗೆ ತಂದ ಸಾಗುವಾನಿಯಲ್ಲಿ ಮಿಕ್ಕ ತುಂಡಿನಿಂದ ಮೂರು ಬೆರಳು ಕೆತ್ತಿದ. ಗೆಣ್ಣು ಮೂಡಿಸಿದ, ಉಗುರು ಮೂಡಿಸಿದ, ಕೈಗೆ ಕಟ್ಟಲು ತೊಗಲಿನ ಪಟ್ಟಿ ಹೊಲಿಸಿದ. ಒಂದು ತಿಂಗಳು ಹಡಗು ಮುಟ್ಟಲಿಲ್ಲ.

ಹೇಮಾ ನೋಡಿದಳು. "ಮೂರು ಬೆರಳು ಕಡಿದೆ, ಮೂರು ಬೆರಳು ಕೊಡ್ತೀಯಾ? ಲೆಕ್ಕ ಚುಕ್ತಾ?"

"ಮತ್ತಿನ್ನೇನ್ ಕೊಡ್ಲೇ?"

"ನಂಗೊತ್ತಿಲ್ಲ. ಇದನ್ನ ಮಾತ್ರ ಕೊಡಬ್ಯಾಡ."

ಅವನು ಕೊಟ್ಟ. ಊರ ಹಿರಿಯ ನರಸಿಂಹಯ್ಯನ ಕೈಯಲ್ಲಿ, ಹೊಸ ಟವೆಲ್ಲಿನಲ್ಲಿ ಸುತ್ತಿ ಕಳಿಸಿದ.

ಓಬುಲೇಶನಿಗೆ ಗೊತ್ತಿಲ್ಲದ ಸಂಗತಿ ಊರಿಗೆಲ್ಲ ಗೊತ್ತಿತ್ತು. ಆ ಏಟಿನ ನಂತರ ಬೊಮ್ಮಣ್ಣ ಉಣ್ಣುವುದು ಎಡಗೈಯಲ್ಲಿ. ಪಂಕ್ತಿಯಲ್ಲಿ ಕುಳಿತು ಎಡಗೈಯಿಂದ ಉಂಡರೆ ಪಕ್ಕದವರು ಎಲೆ ಸರಿಸಿಕೊಳ್ಳುತ್ತಾರೆ. ಮೊದಲ ಸಲ ಸರಿಸಿಕೊಂಡವನು ಅವನ ಸ್ವಂತ ಭಾವಮೈದ. ಅಂದಿನಿಂದ ಮದುವೆಯಿರಲಿ ತಿಥಿಯಿರಲಿ, ಬೊಮ್ಮಣ್ಣ ಪಂಕ್ತಿಗೆ ಕೂತಿಲ್ಲ. ಎಲ್ಲರೂ ಉಣ್ಣುವಾಗ ಹೊರಗೆ ಚಪ್ಪಲಿ ಕಾಯುವವನ ಹಾಗೆ ನಿಂತು, ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ. ಹೆಂಡತಿ ಉಚ್ಚಂಗಮ್ಮನೂ ಆಗ ಒಳಗೆ ಬರುವಂತಿರಲಿಲ್ಲ.

ನರಸಿಂಹಯ್ಯ ಒಳ್ಳೆಯ ಮನುಷ್ಯ, ಆದರೆ ನಾಲ್ಕು ಜನರ ಮುಂದೆ ಒಳ್ಳೆಯದು ಮಾಡಬೇಕೆನ್ನುವವನು. ಹಾಗಾಗಿ ಒಂದು ಮದುವೆಯ ಊಟದ ಹೊತ್ತಿಗೆ, ಎಲೆಗಳ ಮುಂದೆಯೇ, ಬೊಮ್ಮಣ್ಣನನ್ನು ಕರೆದು ಟವೆಲ್ಲು ಬಿಚ್ಚಿದ.

"ನೋಡಪ್ಪ, ತಪ್ಪು ಒಪ್ಪಿಕೊಂಡಾನ. ಕಟ್ಟಿಕೋ, ಕೂತು ಊಟ ಮಾಡು."

ಸಾಲಿನಲ್ಲಿ ಯಾರೋ ಅಂದರು: "ಬೊಮ್ಮಣ್ಣ, ಭಾಳ ಚಲೋ ಆತಲ್ಲಪ್ಪ. ಸಾರು ಕಲಸಾಕ ಸೌಟು ಬಂತು!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬೊಮ್ಮಣ್ಣ ಮರದ ಬೆರಳುಗಳನ್ನು ಎತ್ತಿಕೊಂಡು, ಟವೆಲ್ಲನ್ನು ಮಡಿಸಿ ನರಸಿಂಹಯ್ಯನ ಹೆಗಲ ಮೇಲೆ ಹಾಕಿ, ಹೊರಟುಹೋದ.

ಮರುದಿನ ಬೆಳಿಗ್ಗೆ ರಾಯದುರ್ಗಕ್ಕೆ ಹೊರಟ ಶೇರ್ ಆಟೋದಲ್ಲಿ ಅವನ ತೊಡೆಯ ಮೇಲೆ ಸುತ್ತಿದ ಕಂಬಳಿ ಇತ್ತು. ಕಂಬಳಿಯೊಳಗೆ ಅದೇ ಕೊಡಲಿ.

ಓಬುಲೇಶ ಎಡಮಗ್ಗುಲಿಗೆ ತಗಡು ಹೊದಿಸಿ ಮುಗಿಸಿದ್ದ. ಬಲಮಗ್ಗುಲಿನ ಮೊದಲ ಸಾಲು ಹಿಡಿದಿದ್ದ. ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು.

"ಅಣ್ಣಾ," ಎಂದು ಎದ್ದ. "ಬರ್ರಿ."

ಬೊಮ್ಮಣ್ಣ ಮರದ ಬೆರಳುಗಳನ್ನು ಅವನ ಮುಖಕ್ಕೆ ಎಸೆದ. "ಹಾಕ್ಕೊಂಡು ನೀನ ಉಣ್ಣು. ನಾ ನೋಡ್ತೀನಿ."

"ನಾ ತಿಳಿದು ಮಾಡಿದ್ದಲ್ಲಣ್ಣ..."

ಮಾತು ಮುಗಿಯಲಿಲ್ಲ. ಕೊಡಲಿಯ ಹಿಂಬದಿ ಮೂಗಿನ ಮೇಲೆ ಬಿತ್ತು. ಒಣಸೌದೆ ಮುರಿದ ಸದ್ದಾಯಿತು. ಎರಡನೆಯದು ಹೆಗಲಿಗೆ, ಮೂರನೆಯದು ಜೈಲಿನಲ್ಲಿ ಮುರಿದಿದ್ದ ಅದೇ ಪಕ್ಕೆಗೆ. ಓಬುಲೇಶ ಮರದ ಹೊಟ್ಟಿನ ಮೇಲೆ ಬಿದ್ದ. ಬಾಯಿ ತುಂಬ ರಕ್ತ, ರಕ್ತದ ತುಂಬ ಹೊಟ್ಟು. ಬೊಮ್ಮಣ್ಣ ಒದೆಯುತ್ತಿದ್ದ. ಪ್ರತಿ ಒದೆಗೂ ಒಂದೊಂದು ಮಾತು. "ಸೌಟಂತ! ಸೌಟು! ನಗ್ತಾರಲೇ! ಒಂಬತ್ತು ವರ್ಷ ಗ್ವಾಡಿ ನೋಡ್ಕೋತ ಉಂಡೀನಿ! ಗ್ವಾಡಿ!"

ಓಬುಲೇಶನ ಕೈಗೆ ನೆಲದ ಮೇಲಿದ್ದ ಬಾಚಿ ಸಿಕ್ಕಿತು. ಮರ ಸವರುವ, ಬೆಳಿಗ್ಗೆ ತಾನೇ ಮಸೆದ ಬಾಚಿ. ಕೈ ಅದನ್ನು ಹಿಡಿದು ಅವನನ್ನು ಎಬ್ಬಿಸಿ ನಿಲ್ಲಿಸಿತು. ಎಡಗೈಯಲ್ಲಿ ಕೊಡಲಿ ಎತ್ತಿದ ಬೊಮ್ಮಣ್ಣನ ಕುತ್ತಿಗೆಯ ಬಲಗಡೆ ಪೂರ್ತಿ ತೆರೆದಿತ್ತು. ಅಲ್ಲಿ ನರವೊಂದು ಹಾರುತ್ತಿತ್ತು. ಒಂದೇ ಏಟು ಸಾಕಾಗಿತ್ತು. ಅದೇ ಹಳೆಯ ಉಸಿರು ಎದೆಯಲ್ಲಿ ತುಂಬಿಕೊಂಡಿತು, ಎತ್ತಿದ್ದಕ್ಕೂ ಇಳಿಸಿದ್ದಕ್ಕೂ ನಡುವೆ ಬಿಡುವೇ ಕೊಡದ ಉಸಿರು.

ಗ್ವಾಡಿ ಎಂಬ ಮಾತು ಆ ಬಿಡುವನ್ನು ಕೊಟ್ಟಿತು. ತಾನು ಕಡಿದದ್ದು ಬೆರಳನ್ನಲ್ಲ ಎಂದು ಅವನಿಗೆ ಆಗ ತಿಳಿಯಿತು.

ಬಾಚಿಯನ್ನು ಬಾಗಿಲಾಚೆ ಎಸೆದ. ಕೆಲಸದ ಬೆಂಚಿನ ಮೇಲೆ, ಹಡಗಿನ ಪಕ್ಕ, ಬಲಗೈ ಚಾಚಿ ಇಟ್ಟ. ಕಿರುಬೆರಳನ್ನು ಮಡಚಿ ಅಡಿಗೆ ಸೇರಿಸಿದ.

"ಕಡೀರಿ."

"ಲೇ, ನಾಟಕ ಮಾಡಬ್ಯಾಡಲೇ!"

"ಕಡೀರಣ್ಣ. ಮುಗೀಲಿ."

ಎಡಗೈಯ ಮೊದಲ ಏಟು ಜಾರಿ ಹಡಗಿಗೆ ಬಿತ್ತು. ಬಲಮಗ್ಗುಲಿನ ಹಲಗೆಗಳು ಸೀಳಿ ಚಕ್ಕೆಗಳು ಸಿಡಿದವು. ನಾಲ್ಕು ಕಿಂಡಿಗಳು ಒಂದಾಗಿ, ಒಳಗಿನ ಕೆಂಪು ಬಾಯಿ ತೆರೆಯಿತು. ಓಬುಲೇಶ ಕೈ ತೆಗೆಯಲಿಲ್ಲ. ಎರಡನೆಯ ಏಟು ಗುರಿ ತಪ್ಪಲಿಲ್ಲ.

ಬೆಂಚಿನ ಮೇಲೆ ಮೂರು ಬೆರಳು. ಒಂದರ ತುದಿಗೆ ತಾಮ್ರದ ತಗಡೊಂದು ಅಂಟಿಕೊಂಡೇ ಇತ್ತು. ಬೊಮ್ಮಣ್ಣ ಅದನ್ನು ನೋಡಿದ. ಒಂಬತ್ತು ವರ್ಷ ಈ ನೋಟಕ್ಕಾಗಿ ಹಲ್ಲು ಕಚ್ಚಿದ್ದವನು ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ತಲೆಯ ರುಮಾಲು ಬಿಚ್ಚಿ ಓಬುಲೇಶನ ಕೈಗೆ ಬಿಗಿಯಾಗಿ ಸುತ್ತಿದ. ಎಲ್ಲಿ ಒತ್ತಿ ಹಿಡಿಯಬೇಕೆಂದು ಅವನಿಗೆ ಗೊತ್ತಿತ್ತು.

ಆಸ್ಪತ್ರೆಗೆ ಕಾನ್‌ಸ್ಟೇಬಲ್ ರಾಮಾಂಜಿನೇಯ ಬಂದು ಕೇಳಿದ.

"ಏನಾಯ್ತು?"

"ಗರಗಸದ ಮಿಷನ್ನಿಗೆ ಸಿಕ್ಕೊಂತ್ರಿ ಸಾರ್."

"ನಿನ್ನ ಶೆಡ್ಡಿಗೆ ಕರೆಂಟೇ ಇಲ್ಲಲ್ಲೋ!"

"ಹಂಗಾದ್ರ ಬಾಚಿ ಅಂತ ಬರ್ಕೊಳ್ರಿ."

"ಮೂಗು?"

"ಬಾಚಿ ತಾಗಿದ ಮ್ಯಾಲ ಬಿದ್ದೆ ಸಾರ್."

ರಾಮಾಂಜಿನೇಯ ಬಾಗಿಲಾಚೆ ಬರಿತಲೆಯಲ್ಲಿ ಕುಳಿತಿದ್ದ ಕುರಿಗಾರನನ್ನು ನೋಡಿದ, ಅವನ ಬಲಗೈಯನ್ನು ನೋಡಿದ, ಪೆನ್ನಿನ ಮುಚ್ಚಳ ತೆಗೆದು ಬಾಚಿ ಎಂದೇ ಬರೆದುಕೊಂಡ.

ಮೂರು ವಾರ ಹೇಮಾ ತುತ್ತು ಮಾಡಿ ಬಾಯಿಗಿಟ್ಟಳು. ಎಡಗೈಯಲ್ಲಿ ಉಣ್ಣಲು ಓಬುಲೇಶನಿಗೆ ಮನಸ್ಸು ಬರಲಿಲ್ಲ. ಅನ್ನದ ಹತ್ತಿರ ಹೋದ ಎಡಗೈ ತಾನಾಗಿ ಹಿಂದೆ ಸರಿಯುತ್ತಿತ್ತು.

ಒಂದು ಮಧ್ಯಾಹ್ನ, ಅವಳು ಶೆಡ್ಡಿಗೆ ಮುದ್ದೆ ಸಾರು ತಂದಿದ್ದಾಗ, ಬೊಮ್ಮಣ್ಣ ಬಂದು ಹೊಸ್ತಿಲ ಹೊರಗೆ ನಿಂತ. ಹೇಮಾ ಅವನನ್ನು ಕಂಡವಳೇ ಮೂಲೆಯಲ್ಲಿದ್ದ ಮರದ ಪಟ್ಟಿ ಎತ್ತಿ ಅವನ ಹೆಗಲಿಗೆ ಬಾರಿಸಿದಳು. ಮತ್ತೊಂದು. ಮತ್ತೊಂದು. ಪಟ್ಟಿ ಮುರಿಯಿತು. ಅವನು ಕೈ ಅಡ್ಡ ತರಲಿಲ್ಲ.

"ಹೊಡೀ ತಂಗಿ."

"ಯಾಕ ಬಂದೀಯ? ಇನ್ನೊಂದು ಕೈ ಐತಿ ಅಂತಲಾ?"

"ಇವನು ತನ್ನ ಕೈಲೆ ಉಣ್ಣಾಕತ್ತಿಲ್ಲಂತ. ಊರಾಗ ಅಂದ್ರು."

ಅವಳು ಅಳುತ್ತಿದ್ದಳು. ಶಿಫ್ಟಿಗೆ ಹೊತ್ತಾಗಿತ್ತು. ಸಾರಿನ ಪಾತ್ರೆಯನ್ನು ಇಬ್ಬರ ನಡುವೆ ದಡಕ್ಕನೆ ಕುಕ್ಕಿ, ನೀರಿನ ಚೊಂಬನ್ನೂ ಕುಕ್ಕಿ, "ಸಾಯ್ರಿ ಇಬ್ರೂ," ಎಂದು ಹೊರಟುಹೋದಳು.

ಹಡಗು ಬೆಂಚಿನ ಮೇಲೆ ಹಾಗೇ ಇತ್ತು. ಎಡಮಗ್ಗುಲಿನ ತಾಮ್ರ ಕುರಿಯ ಮೈಯ ಹಾಗೆ ನುಣ್ಣಗೆ ಮಿರುಗುತ್ತಿತ್ತು. ಬಲಮಗ್ಗುಲಿನಲ್ಲಿ ಕೊಡಲಿ ಮಾಡಿದ ತೂತು, ಅದರ ಅಂಚಿಗೆ ಓಬುಲೇಶ ಎಡಗೈಯಿಂದ ಕೂರಿಸಲು ನೋಡಿದ್ದ ಏಳೆಂಟು ತಗಡು. ಎಲ್ಲವೂ ಸೊಟ್ಟ. ಚುಕ್ಕಿಗಳ ಜಾಗದಲ್ಲಿ ತೂತುಗಳು.

ಬೊಮ್ಮಣ್ಣ ಒಳಗೆ ಬಂದು ಎದುರು ಕುಳಿತ. ಚೊಂಬು ಎತ್ತಿ ನೀರು ಕುಡಿದ. ಮುದ್ದೆಯನ್ನು ಎಡಗೈಯಿಂದ ಎರಡು ಭಾಗ ಮಾಡಿ ಒಂದನ್ನು ಓಬುಲೇಶನ ತಟ್ಟೆಗೆ ದೂಡಿದ. ಇನ್ನೊಂದನ್ನು ಪಾತ್ರೆಯ ಮುಚ್ಚಳದ ಮೇಲೆ ತನಗೆ ಇಟ್ಟುಕೊಂಡ. ಬೇರೆ ಮನುಷ್ಯನ ಮುಖ ನೋಡುತ್ತ ಮೊದಲ ತುತ್ತು ನುಂಗಿದ.

ಓಬುಲೇಶ ಎಡಗೈ ಚಾಚಿದ. ಮುದ್ದೆ ಸಾರಿನಲ್ಲಿ ಅದ್ದಿ ಎತ್ತುವಷ್ಟರಲ್ಲಿ ಜಾರಿ ಮಡಿಲಿಗೆ ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

"ಸಣ್ಣ ತುತ್ತು ಮಾಡ್ಲೇ," ಎಂದ ಬೊಮ್ಮಣ್ಣ ಬಾಯಲ್ಲಿ ಮುದ್ದೆ ಇಟ್ಟುಕೊಂಡೇ. "ಎಡಗೈಗೆ ದೊಡ್ಡದು ನಿಲ್ಲಲ್ಲ. ಹೆಬ್ಬೆರಳಿಂದ ನೂಕು. ಮೊಣಕೈನ ಮೊಣಕಾಲಿಗೆ ಆನಿಸು. ಹಾಂ. ಹಂಗ."