ಮೂರನೆಯ ದಿನದ ಲದ್ದಿ

ವಾಲ್ಪಾರೈ ಕಾಡಿನಲ್ಲಿ ಆನೆಯ ಜಾಡು ಹಿಡಿಯುವ ತಂಗಾನ್‌ಗೆ ಐವತ್ತೆಂಟಾಗಿತ್ತು, ಗೊತ್ತಿದ್ದದ್ದು ಒಂದೇ ವಿದ್ಯೆ. ಲದ್ದಿ ಕಂಡರೆ ಕಾಲಿನ ಹೆಬ್ಬೆರಳು ತೂರಿಸಿ, ಬಿಸಿ ನೋಡಿ, ಆನೆ ಎಷ್ಟು ದೂರವಿದೆಯೆಂದು ಹೇಳಿಬಿಡುತ್ತಿದ್ದ. ತಣ್ಣಗಾದ ಲದ್ದಿಯ ಮುಂದೆ ನಿಂತವನು ಸೋಮಾರಿ ಎಂದು ಅವನಪ್ಪ ಬೈಯುತ್ತಿದ್ದ.

ಈಗ ಅವನು ಸಂಶೋಧನೆಗೆ ಬಂದ ಯಾಳಿನಿ ಎಂಬ ಹುಡುಗಿಗೆ ಲದ್ದಿ ತಂದುಕೊಡುತ್ತಿದ್ದ. ಆನೆಯನ್ನು ಮುಟ್ಟದೆ, ಸೂಜಿ ಚುಚ್ಚದೆ, ಬರೀ ಲದ್ದಿಯಲ್ಲೇ ಅದರ ಹೆದರಿಕೆ ಅಳೆಯಬಹುದಂತೆ.

"ಲದ್ದಿ ಹೆಕ್ಕೋಕೂ ಸಂಬಳವಂತೆ! ನಿಮ್ಮಪ್ಪ ಇದ್ದಿದ್ರೆ ನಕ್ಕೂ ನಕ್ಕೂ ಸಾಯ್ತಿದ್ದ," ಎಂದು ಹೆಂಡತಿ ಅರುಕ್ಕಾಣಿ ಆಡಿಕೊಂಡಳು.

ಆ ಬೇಸಿಗೆ ಒಡಕಿವಿ ಎಂಬ ಹೆಣ್ಣಾನೆ ಮರಿಯ ಜೊತೆ ಬಂದು, ಟೀ ತೋಟದ ಕೂಲಿಗಳ ಲೈನ್‌ಮನೆಗಳ ಸಾಲಿನಲ್ಲಿದ್ದ ಪಡಿತರ ಅಂಗಡಿಯ ಗೋಡೆಯನ್ನು ಎರಡು ಸಲ ಕೆಡವಿತು. ರೇಂಜರ್ ಖಂಡಿತವಾಗಿ ಹೇಳಿದ: "ಲದ್ದಿಯ ಅಳತೆಯಲ್ಲಿ ಅದಕ್ಕೆ ಹೆದರಿಕೆ ಕಂಡ್ರೆ ಪಟಾಕಿ ಸಾಕು, ಕಾಡಲ್ಲೇ ಇರ್ಲಿ. ಇಲ್ಲ ಅಂದ್ರೆ ಹಿಡಿದು ಶಿಬಿರಕ್ಕೆ ಹಾಕ್ತೀನಿ. ತಾಯಿ ಒಂದು ಕಡೆ, ಮರಿ ಒಂದು ಕಡೆ."

ಮರಿಯಾಗಿದ್ದಾಗಿನಿಂದಲೂ ಒಡಕಿವಿಯನ್ನು ತಂಗಾನ್ ಬಲ್ಲ. ಅವಳು ಚೆನ್ನಾಗಿ ಹೆದರಿರಲಿ ಎಂದು ಈಗ ದೇವರಲ್ಲಿ ಬೇಡಿಕೊಳ್ಳಬೇಕಾಯಿತು. ಇದೆಂಥ ಹರಕೆಯೋ ಅವನಿಗೇ ತಿಳಿಯಲಿಲ್ಲ.

ಸೋಮವಾರ ಸಂಜೆ ಪಟಾಕಿ ಸಿಡಿಸಿದರು. ಒಡಕಿವಿ ಮರಿಯನ್ನು ಹೊಟ್ಟೆಯಡಿ ಎಳೆದುಕೊಂಡು, ಓಡುತ್ತಲೇ ಲದ್ದಿ ಹಾಕಿದಳು. ಯಾಳಿನಿ ಊರಿಗೆ ಹೊರಡುವಾಗ ಲದ್ದಿ ತುಂಬುವ ಒಂದು ಕೊಳವೆ ಕೊಟ್ಟು, "ಬುಧವಾರ ಬೆಳಿಗ್ಗೆದು ತನ್ನಿ ಮಾಮ, ಅದಕ್ಕೆ ಮುಂಚಿನದು ಬೇಡ," ಎಂದಿದ್ದಳು. ಓದಿದವರ ಮಡಿ ಇದು ಎಂದುಕೊಂಡ ತಂಗಾನ್. ಬಿಸಿಯಿದ್ದದ್ದನ್ನು ಬಿಟ್ಟು ಯಾರಾದರೂ ಕಾಯುತ್ತಾರೆಯೇ? ಮಂಗಳವಾರ ಬೆಳಗಾಗುತ್ತಲೇ ಹೋಗಿ, ಹೆಬ್ಬೆರಳು ಸುಡುವಂಥದ್ದನ್ನೇ ತುಂಬಿಸಿ ಐಸ್ ಡಬ್ಬಿಗೆ ಹಾಕಿದ.

ಹನ್ನೆರಡು ದಿನದ ಮೇಲೆ ಯಾಳಿನಿ ಪ್ರಯೋಗಾಲಯದ ಉತ್ತರ ಹಿಡಿದು ಬಂದಳು. ಹೆದರಿಕೆ ಇಲ್ಲವೇ ಇಲ್ಲ.

"ನಾನು ಕಣ್ಣಾರೆ ನೋಡಿದೀನಿ ಅಮ್ಮಣಿ! ನಿಮ್ಮ ಮಿಷಿನ್ನಿಗೆ ಕಣ್ಣಿಲ್ವಾ?" ಎಂದ ತಂಗಾನ್.

"ಯಾವತ್ತು ತಂದ್ರಿ?"

"ಮಂಗಳವಾರ. ಬಿಸಿಬಿಸಿ."

ಯಾಳಿನಿ ತಲೆಯ ಮೇಲೆ ಕೈ ಹೊತ್ತಳು. "ಹೆದರಿಕೆ ರಕ್ತದಿಂದ ಲದ್ದಿಗೆ ಇಳಿಯೋಕೆ ಒಂದೂವರೆ ದಿನ ಬೇಕು ಮಾಮ. ನೀವು ತಂದಿದ್ದು ಪಟಾಕಿಗೆ ಮುಂಚಿನ ನೆಮ್ಮದಿ."

ತಂಗಾನ್‌ಗೆ ದಿಕ್ಕೇ ತಪ್ಪಿತು. ಜೀವಮಾನವೆಲ್ಲ ಇವತ್ತಿನದು ಎಂದು ಓದಿದ್ದು ಮೊನ್ನೆಯದೇ? ಹಾಗಾದರೆ ಕಾಲಿಗೆ ತಾಕಿದ ಬಿಸಿ ಏನು ಹೇಳುತ್ತಿತ್ತು?

ರೇಂಜರ್ ಆನೆ ಹಿಡಿಯಲು ದಿನ ಗೊತ್ತುಮಾಡಿಬಿಟ್ಟಿದ್ದ. ಇನ್ನೊಂದು ಸಲ ಪಟಾಕಿ ಸಿಡಿದರೆ ಮತ್ತೆ ಅಳೆಯಬಹುದು ಎಂದಳು ಯಾಳಿನಿ. ಆದರೆ ಮಳೆ ಬಿದ್ದು ಕಾಡಲ್ಲಿ ಹುಲ್ಲು ಚಿಗುರಿತ್ತು, ಒಡಕಿವಿ ಲೈನಿನ ಕಡೆ ತಲೆಯೇ ಹಾಕುತ್ತಿರಲಿಲ್ಲ, ಪಟಾಕಿ ಸಿಡಿಸಲು ಯಾರಿಗೂ ಕಾರಣವಿರಲಿಲ್ಲ.

ಉಳಿದಿದ್ದ ಒಂದು ಸರ ಪಟಾಕಿಯನ್ನು ಪಂಚೆಗೆ ಸಿಕ್ಕಿಸಿಕೊಂಡು ತಂಗಾನ್ ಮಧ್ಯಾಹ್ನ ಹೊಳೆಗೆ ಹೋದ. ತಾಯಿ ಮರಿಗೆ ನೀರೆರಚುತ್ತಿದ್ದಳು. ಗಾಳಿಯಲ್ಲಿ ಸೊಂಡಿಲೆತ್ತಿ ಅವನ ವಾಸನೆ ಹಿಡಿದು, ಇವನೇ ತಾನೇ ಎನ್ನುವ ಹಾಗೆ ಮತ್ತೆ ನೀರಿಗಿಳಿಸಿದಳು. ಅವನು ಪಂಚೆಯಿಂದ ಸರ ತೆಗೆದ. ಕಡ್ಡಿ ಗೀರಿಯೇಬಿಟ್ಟ. ಮರಿ ಬಂಡೆಯ ಮೇಲೆ ಜಾರಿ ಬಿದ್ದು ಕಿರುಚಿತು. ಓಡುವ ಮೊದಲು ತಾಯಿ ಒಮ್ಮೆ ಅವನತ್ತ ತಿರುಗಿ ನಿಂತಳು.

ಮೂರನೆಯ ದಿನ ಎರಡು ಗುಡ್ಡ ದಾಟಿ ಲದ್ದಿ ತಂದ. "ತೋಟದವರು ಯಾರೋ ಸಿಡಿಸಿದ್ರು," ಎಂದ.

ಈ ಸಲ ಹೆದರಿಕೆಯ ಅಳತೆ ಎಂದಿನದಕ್ಕಿಂತ ನಾಲ್ಕು ಪಟ್ಟು ಬಂತು. ರೇಂಜರ್ ಆನೆ ಹಿಡಿಯುವುದನ್ನು ಕೈಬಿಟ್ಟ. ಯಾಳಿನಿ ಚಹಾ ಕೊಟ್ಟು, "ಪಾಪ, ಮನುಷ್ಯರಂದ್ರೆ ಎಷ್ಟು ಹೆದರ್ತಾಳೆ ನೋಡಿ ಮಾಮ!" ಎಂದಳು.

"ಗೆದ್ದು ಬಂದೋನ ಮುಖವಾ ಇದು?" ಎಂದು ಅರುಕ್ಕಾಣಿ ಕೇಳಿದಳು. ಸಂತೋಷ ಪಡಬೇಕೋ ಅಳಬೇಕೋ ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ.

ಒಡಕಿವಿ ಕಾಡಲ್ಲೇ ಇದ್ದಾಳೆ. ತಂಗಾನ್ ಇರುವ ಕಡೆಯಿಂದ ಗಾಳಿ ಬೀಸಿದರೆ ಸಾಕು, ಮರಿಯನ್ನು ಮುಂದೆ ಮಾಡಿಕೊಂಡು ಓಡುತ್ತಾಳೆ.