ಅಣ್ಣನಿಗೆ ಕೇಳದಾದ ದನಿ

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಈಗಲೂ ಅವುಗಳನ್ನು ನಂಬುವುದಿಲ್ಲ. ಆದರೂ ಅರವತ್ತರ ದಶಕದ ಕೊನೆಗೆ ಪುತ್ತೂರಿನಲ್ಲಿ ನಡೆದದ್ದನ್ನು ಮರೆಯಲಾಗಿಲ್ಲ.

ಅಣ್ಣ ಶಂಕರ ಪುತ್ತೂರು ಪೇಟೆಯಲ್ಲಿ ದರ್ಜಿ. ಅಂಗಡಿಯ ಹಿಂದೆಯೇ ಮನೆ. ಅವನು, ಅತ್ತಿಗೆ ಇಬ್ಬರೇ. ಸುಳ್ಯದ ಹತ್ತಿರ ಆಲೆಟ್ಟಿಯಲ್ಲಿ ಕೆಲಸದಲ್ಲಿದ್ದ ನಾನು ಬೇಸಿಗೆ ರಜೆಗೆ ಬಂದಾಗ ಅಣ್ಣ ನಿದ್ದೆ ಬಿಟ್ಟು ವಾರವಾಗಿತ್ತು. ಊರಿಗೆಲ್ಲ ಅಂಗಿ ಹೊಲಿದು ಹಂಚುತ್ತೇನೆಂದು ಗಿರಾಕಿಗಳ ಬಟ್ಟೆಯನ್ನೆಲ್ಲ ಕತ್ತರಿಸಿ ಹಾಕಿದ್ದ. ಹಾಡುತ್ತಿದ್ದ, ತಡೆದರೆ ಕತ್ತರಿ ಎತ್ತುತ್ತಿದ್ದ. ನಡುನಡುವೆ ಹಿತ್ತಲ ಬಾಗಿಲಿಗೆ ಮುಖಮಾಡಿ ಯಾರಿಗೋ ಉತ್ತರ ಕೊಡುತ್ತಿದ್ದ.

“ಲಲಿತ ಇಲ್ಲಿ ಇಲ್ಲ. ಸುಳ್ಯದಲ್ಲಿ ಇದ್ದಾಳೆ. ಅವಳನ್ನು ಕರೀಬೇಡ.”

ಲಲಿತ ಎಂದರೆ ನಾನೇ. ಅವನ ಎದುರಿಗೇ ನಿಂತಿದ್ದೆ.

ನೆರೆಯವರು ಮಂತ್ರವಾದಿಯನ್ನು ಕರೆಸಿ ಎಂದರು. ನಾನು ಒಪ್ಪದೆ ಮಂಗಳೂರಿನ ಡಾಕ್ಟರರಲ್ಲಿಗೆ ಕರೆದೊಯ್ದೆ. ಮನಸ್ಸು ಮಿತಿಮೀರಿ ಉಬ್ಬುವ ಕಾಯಿಲೆ ಇದು ಎಂದು ಹೇಳಿ ಅವರು ಹೊಸ ಮಾತ್ರೆ ಕೊಟ್ಟರು.

“ಇದು ಬರೀ ನಿದ್ದೆಯ ಮಾತ್ರೆ ಅಲ್ಲ. ಮಿದುಳಲ್ಲಿ ಒಂದು ನರ ಇನ್ನೊಂದಕ್ಕೆ ಸುದ್ದಿ ಕಳಿಸುದು ಒಂದು ರಸದ ಮೂಲಕ. ಈಗ ಇವರಲ್ಲಿ ಆ ಸುದ್ದಿ ಹೆಚ್ಚಾಗಿದೆ ಅಂತ ಕಾಣ್ತದೆ. ಸುದ್ದಿ ಬಂದು ಇಳಿಯುವ ಜಾಗವನ್ನು ಮಾತ್ರೆ ಮುಚ್ಚುತ್ತದೆ. ಪೂರ್ತಿ ನಮಗೂ ಗೊತ್ತಿಲ್ಲ ಮಾರಾಯ್ರೆ.”

ಮೊದಲು ನಿದ್ದೆ ಬಂತು. ಕ್ರಮೇಣ ಮಾತಿನ ಓಟ ತಗ್ಗಿತು. ಹಿತ್ತಲ ಕಡೆ ನೋಡುವುದೂ ನಿಂತಿತು. ಬಾಯಿ ಒಣಗುತ್ತಿತ್ತು, ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತಿತ್ತು. ಆದರೆ ನಮ್ಮ ಅಣ್ಣ ನಮಗೆ ಮರಳಿ ಸಿಕ್ಕಿದ್ದ.

ಒಂದು ಮಧ್ಯಾಹ್ನ ಅಣ್ಣ ಮಲಗಿದ್ದ. ಅತ್ತಿಗೆ ಪೇಟೆಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಹಿತ್ತಲಿಂದ ಹೆಂಗಸೊಬ್ಬಳು “ಲಲಿತಾ” ಎಂದು ಕರೆದಳು. ನೆರೆಯವರು ಕರೆದ ಹಾಗೆ, ಮಾಮೂಲಿ ದನಿ. “ಓ” ಎಂದು ಬಾಗಿಲು ತೆಗೆದೆ. ಸುಡುಬಿಸಿಲು. ಬಾವಿ, ಒಗೆಯುವ ಕಲ್ಲು, ಸುತ್ತ ಎತ್ತರದ ಗೋಡೆ. ಯಾರೂ ಇರಲಿಲ್ಲ.

ಆಗ ಅದೇ ದನಿ ನನ್ನ ಬೆನ್ನ ಹಿಂದೆ, ಮನೆಯೊಳಗಿಂದ, ಕಿವಿಯ ಹತ್ತಿರವೇ ಕೇಳಿತು: “ಸುಳ್ಯದಿಂದ ಯಾವಾಗ ಬಂದದ್ದು?”

ನಾನು ತಿರುಗಿ ನೋಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಅತ್ತಿಗೆ ಬಂದು ಭುಜ ಹಿಡಿದಾಗ ಕಿರುಚಿಕೊಂಡೆ.

ಮುಂದಿನ ಸಲ ಅಣ್ಣನನ್ನು ತೋರಿಸಲು ಹೋದಾಗ ಅವನ ಎದುರಿಗೇ ಡಾಕ್ಟರರಿಗೆ ಆ ದನಿಯ ವಿಷಯ ಹೇಳಿದೆ. ನಿದ್ದೆಗೆಟ್ಟು ರೋಗಿಯ ಆರೈಕೆ ಮಾಡಿದವರಿಗೆ ಹೀಗಾಗುವುದುಂಟು, ಅವನ ಮಾತೇ ನಿಮ್ಮ ಮನಸ್ಸಿನಲ್ಲಿ ಉಳಿದಿರಬೇಕು ಎಂದರು. ಸರಿಯೆನಿಸಿತು. ಹಿಂದಿರುಗುವ ಬಸ್ಸಿನಲ್ಲಿ ಅಣ್ಣ ಮೆಲ್ಲನೆ ಕೇಳಿದ.

“ಆ ದನಿಗೆ ನೀನು ಓಗೊಟ್ಟೆಯಾ?”

“ಹೌದು. ಎಂತಕ್ಕೆ?”

ಅವನು ಒಮ್ಮೆ ನನ್ನ ಮುಖ ನೋಡಿದ. ಇನ್ನು ನನಗೇ ಬೇಕೆಂಬಂತೆ ಮಾತ್ರೆಯ ಪೊಟ್ಟಣ ತೆಗೆದು ನನ್ನ ಮಡಿಲಿಗೆ ಹಾಕಿದ. ಅದು ಅವನಿಗೆ ಬೇಕಾದದ್ದು, ವಾಪಸು ಕೊಟ್ಟೆ.

ಮಾತ್ರೆ ತಪ್ಪಿಸದೆ ಅಣ್ಣ ಬಹಳ ವರ್ಷ ನೆಮ್ಮದಿಯಿಂದ ಹೊಲಿದ. ನನಗೆ ಆ ದನಿ ಮತ್ತೆಂದೂ ಕೇಳಲಿಲ್ಲ. ಡಾಕ್ಟರರ ವಿವರಣೆಯನ್ನು ಈಗಲೂ ಒಪ್ಪುತ್ತೇನೆ. ಆದರೆ ಆ ದಿನ ಬಸ್ಸಿನಲ್ಲಿ ಅಣ್ಣನ ಬುದ್ಧಿ ನೆಟ್ಟಗಿತ್ತು, ಮಾತು ನಿಧಾನವಾಗಿತ್ತು. ನನ್ನ ಉತ್ತರ ಕೇಳಿದ ಮೇಲೆ ಅವನ ಕಣ್ಣಲ್ಲಿ ಕಂಡ ಹೆದರಿಕೆ ಎಲ್ಲಿಯದೆಂದು ನನಗೆ ಇಂದಿಗೂ ಗೊತ್ತಿಲ್ಲ.